ಹವ್ಯಾಸವೂ ಪರಿಶ್ರಮವೂ

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ಶಿರಾಳಕೊಪ್ಪದಲ್ಲಿ ಬಸ್ಸಿನಿಂದ ಇಳಿದು, ಅಲ್ಲಿಂದ ಎರಡು ಕಿಲೋಮೀಟರು ದೂರದ ಬಳ್ಳಿಗಾವೆಗೆ ನಡೆದು ಹೋದೆವು. ಹೊಲದ ಬದುವಿನಲ್ಲಿ ಅರ್ಧ ಹೂತಿದ್ದ ಒಂದು ಶಾಸನದ ಪಡಿಯಚ್ಚನ್ನು ತೆಗೆಯಬೇಕೆಂಬುದು ನಮ್ಮ ಉದ್ದೇಶ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತುವಷ್ಟರಲ್ಲಿ ಬಿಸಿಲೇರಿತ್ತು. ಹೊಲದೊಡೆಯರಾದ ವೃದ್ಧರೊಬ್ಬರು ಬಹಳ ಹೊತ್ತು ನೋಡುತ್ತ ನಿಂತಿದ್ದು, ಕಡೆಗೆ ಕೇಳಿದರು: “ಇದಕ್ಕೆ ಸಂಬಳ ಎಷ್ಟು ಕೊಡ್ತಾರೆ ಸ್ವಾಮಿ?”

“ಸಂಬಳವೇನೂ ಇಲ್ಲ ಯಜಮಾನರೆ. ಇದು ನಮ್ಮ ಹವ್ಯಾಸ” ಎಂದೆವು.

“ಹಂಗಾರೆ ಕೆಲ್ಸ ಅಲ್ಲ ಅನ್ನಿ” ಎಂದರು ಅವರು.

ಅದರಲ್ಲಿ ಹಾಸ್ಯವಾಗಲಿ ನಿಂದೆಯಾಗಲಿ ಇರಲಿಲ್ಲ. ಕೂಲಿಯುಳ್ಳದ್ದು ಕೆಲಸ, ಕೂಲಿಯಿಲ್ಲದ್ದು ಕೆಲಸವಲ್ಲ ಎಂಬ ನೇರವಾದ ತೀರ್ಮಾನ ಅಷ್ಟೆ. ಆದರೆ ಆ ತೀರ್ಮಾನ ನಮ್ಮನ್ನು ಬಿಡಲಿಲ್ಲ. ಪಟ್ಟಣದ ವಿದ್ಯಾವಂತರಾದ ನಾವೂ ಇದೇ ವಿಭಾಗವನ್ನು ಬೇರೊಂದು ದಿಕ್ಕಿನಿಂದ ಒಪ್ಪಿಕೊಂಡಿದ್ದೇವಲ್ಲವೆ? ಪ್ರೀತಿಯಿಂದ ಮಾಡುವುದು ಹವ್ಯಾಸ, ಹೊಟ್ಟೆಗಾಗಿ ಮಾಡುವುದು ದುಡಿಮೆ. ಒಂದರಲ್ಲಿ ಪ್ರಯಾಸವಿಲ್ಲ, ಇನ್ನೊಂದರಲ್ಲಿ ಪ್ರೀತಿಯಿಲ್ಲ ಎಂದು ತಿಳಿದಿದ್ದೇವೆ. ಈ ತಿಳಿವಳಿಕೆ ಎಷ್ಟು ಹಳೆಯದು, ಎಷ್ಟು ನಿಜವಾದದ್ದು ಎಂಬುದನ್ನು ಮೊದಲು ಮಾತುಗಳನ್ನು ಕೇಳಿ, ಆಮೇಲೆ ಬಳ್ಳಿಗಾವೆಯ ಸುತ್ತಣ ಕಲ್ಲುಗಳನ್ನು ಕೇಳಿ ವಿಚಾರಿಸೋಣ.

ಪ್ರೀತಿಯ ಕಡೆಯ ಮಾತುಗಳು ಮೊದಲು ಬರಲಿ. ‘ಹವ್ಯಾಸ’ ಎಂಬ ಮಾತು ನಮ್ಮಲ್ಲಿ ಇಂದು ಮರ್ಯಾದಸ್ಥ ಮಾತು. ಅಂಚೆಚೀಟಿ ಕೂಡಿಸುವುದು, ಹೂದೋಟ ಬೆಳೆಸುವುದು, ನಾಟಕವಾಡುವುದು ಎಲ್ಲವೂ ಹವ್ಯಾಸಗಳೇ. ನೆರೆಯ ಮರಾಠಿಯಲ್ಲಿ ಇದೇ ಮಾತಿಗೆ ಅತಿಯಾಸೆ, ದುರಾಸೆ ಎಂಬ ಅರ್ಥ. ಮರಾಠಿಗನೊಬ್ಬನ ಮುಂದೆ ‘ಇವರು ಬಹಳ ಹವ್ಯಾಸಗಳುಳ್ಳವರು’ ಎಂದು ಹೊಗಳಿದರೆ ಆತನು ಬೆರಗಾಗುವನು. ಹಿಂದುಸ್ಥಾನಿಯ ‘ಹವಸ್’ ಎಂಬುದನ್ನು ಇವುಗಳ ಪಕ್ಕದಲ್ಲಿಟ್ಟರೆ ಅದು ಕಾಮನೆಗೆ ಇನ್ನೂ ಹತ್ತಿರವಾದುದು. ಹಾಗೆಯೇ ‘ಶೌಕ್’ ಎಂದರೆ ಅಲ್ಲಿ ಒಲವು, ಅಭಿರುಚಿ. ನಮ್ಮಲ್ಲಿಗೆ ಬಂದು ‘ಶೋಕಿ’ಯಾದ ಮೇಲೆ ಅದು ಬರಿಯ ಬೆಡಗಿಗೆ ಇಳಿಯಿತು. ಒಂದು ಮಾತು ಗಡಿ ದಾಟಿ ಏರಿತು, ಇನ್ನೊಂದು ಗಡಿ ದಾಟಿ ಜಾರಿತು.

ಸಂಸ್ಕೃತದಿಂದ ಬಂದವುಗಳಲ್ಲಿಯೂ ಇಂಥ ಏರಿಳಿತವುಂಟು. ‘ವ್ಯಾಸಂಗ’ವೆಂದರೆ ಮೂಲದಲ್ಲಿ ಅಂಟಿಕೊಳ್ಳುವುದು, ಒಂದರಲ್ಲೇ ಮನಸ್ಸು ನೆಡುವುದು. ಕನ್ನಡದಲ್ಲಿ ಅದು ಶಾಲೆ ಕಾಲೇಜುಗಳ ಓದಾಯಿತು. ನಮ್ಮ ವಿದ್ಯಾರ್ಥಿಗಳು ಅರ್ಜಿಯಲ್ಲಿ ‘ವ್ಯಾಸಂಗ ಮಾಡುತ್ತಿದ್ದೇನೆ’ ಎಂದು ಬರೆಯುವಾಗ ತಮಗೆ ಅರಿವಿಲ್ಲದೆಯೇ ‘ಒಂದಕ್ಕೆ ಅಂಟಿಕೊಂಡಿದ್ದೇನೆ’ ಎಂದು ಪ್ರಮಾಣಮಾಡುತ್ತಾರೆ. ‘ವ್ಯಸನ’ವಾದರೋ ವಿದ್ಯೆಯ ವ್ಯಸನವೂ ಆಗಬಹುದು, ಜೂಜಿನ ವ್ಯಸನವೂ ಆಗಬಹುದು. ಕನ್ನಡಿಗರು ಅದಕ್ಕೆ ದುಃಖವೆಂಬ ಅರ್ಥವನ್ನೂ ಉಳಿಸಿಕೊಂಡಿದ್ದಾರೆ. ಅಂಟಿಕೊಂಡದ್ದು ಕೈತಪ್ಪಿದರೆ ದುಃಖವೇ ತಾನೆ!

ಇಂಗ್ಲಿಷಿನವರ ‘ಆಮೆಚೂರ್’ ಎಂಬುದೂ ಲ್ಯಾಟಿನ್ನಿನ ಪ್ರೀತಿಸುವವನು ಎಂಬ ಮಾತಿನಿಂದ ಹುಟ್ಟಿ ಫ್ರಾನ್ಸಿನ ಮೂಲಕ ಬಂದುದು. ಕಾಲಕ್ರಮದಲ್ಲಿ ಪ್ರೀತಿಸುವವನು ‘ಪಳಗದವನು’ ಆಗಿಬಿಟ್ಟನು. ಬೆಂಗಳೂರಿನಲ್ಲಿ 1909ರಲ್ಲಿ ವಿದ್ಯಾವಂತರು ಕೂಡಿ ಆಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನನ್ನು ಕಟ್ಟಿದಾಗ ಆ ಹೆಸರಿಗೆ ಕನ್ನಡವೂ ಬೇಕಾಯಿತು. ಇಂಥ ಮಂಡಲಿಗಳವರನ್ನು ‘ವಿಲಾಸಿ’ಗಳೆಂದು ಕರೆದುದುಂಟು, ಕಡೆಗೆ ‘ಹವ್ಯಾಸಿ’ ಎಂಬುದು ನೆಲೆಗೊಂಡಿತು. ಅದರ ಎದುರಿಗೆ 1884ರಷ್ಟು ಹಿಂದೆಯೇ ಹುಟ್ಟಿದ್ದ ಗುಬ್ಬಿ ಕಂಪೆನಿಯಂಥವು ‘ವೃತ್ತಿ’ ರಂಗಭೂಮಿಯಾದುವು. ಬಾಲ್ಯದಿಂದ ರಂಗವನ್ನೇ ಉಂಡು ಉಟ್ಟು ಬದುಕಿದ ಕಂಪೆನಿ ನಟನಿಗೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಿಲ್ಲ. ಆದರೆ ಹೆಸರಿನಲ್ಲಿ ಪ್ರೀತಿ ಒಬ್ಬನ ಪಾಲಿಗೆ, ದುಡಿಮೆ ಇನ್ನೊಬ್ಬನ ಪಾಲಿಗೆ ಹಂಚಿಹೋಯಿತು.

ಇನ್ನು ದುಡಿಮೆಯ ಕಡೆಯ ಮಾತುಗಳು. ‘ಶ್ರಮ’ ಎಂಬ ಧಾತುವಿನಿಂದಲೇ ‘ಆಶ್ರಮ’ವೂ ‘ಶ್ರಮಣ’ನೂ ಹುಟ್ಟಿರುವುದು. ವಿಶ್ರಾಂತಿಯ ಎಡೆಯೆಂದು ನಾವು ಭಾವಿಸುವ ಆಶ್ರಮ ವಾಸ್ತವವಾಗಿ ಶ್ರಮಪಡುವ ಎಡೆ. ‘ಪರಿಶ್ರಮ’ದ ಗತಿ ಇನ್ನೂ ಸ್ವಾರಸ್ಯವುಳ್ಳದ್ದು. ‘ಅವರಿಗೆ ಸಂಗೀತದಲ್ಲಿ ಪರಿಶ್ರಮ ಉಂಟು’ ಎಂದರೆ ಅವರು ಬೆವರು ಸುರಿಸಿದ್ದಾರೆಂದು ಮಾತ್ರ ಅರ್ಥವಲ್ಲ, ಅವರು ಬಲ್ಲರೆಂದು ಅರ್ಥ. ಪಟ್ಟ ಪಾಡೇ ಪಡೆದ ಪಾಂಡಿತ್ಯಕ್ಕೆ ಹೆಸರಾಯಿತು. ‘ವ್ಯವಸಾಯ’ವೆಂದರೆ ಸಂಸ್ಕೃತದಲ್ಲಿ ದೃಢನಿಶ್ಚಯ, ಪ್ರಯತ್ನ. ಹಿಂದಿಯವರು ಅದನ್ನು ವ್ಯಾಪಾರಕ್ಕೆ ಕೊಟ್ಟರು. ನಾವೂ ತೆಲುಗರೂ ಬೇಸಾಯಕ್ಕೆ ಕೊಟ್ಟೆವು. ಮಳೆಯನ್ನು ನಂಬಿ ಬಿತ್ತುವವನಿಗಿಂತ ದೃಢನಿಶ್ಚಯಿ ಯಾರು? ‘ಗೆಯ್’ ಎಂಬುದು ಹಳಗನ್ನಡದಲ್ಲಿ ಯಾವ ಕೆಲಸವನ್ನಾದರೂ ಮಾಡು ಎಂಬ ವಿಶಾಲವಾದ ಮಾತು. ಅರಸನು ರಾಜ್ಯವನ್ನೇ ಗೆಯ್ಯುತ್ತಿದ್ದನು. ಈಗ ‘ಗೇಯ್ಮೆ’ ಎಂದರೆ ಹೊಲಗದ್ದೆಯ ದುಡಿತವೊಂದೇ. ಮಾತು ಕಿರಿದಾಗಿದ್ದರೂ ಅದರೊಳಗೆ ಹಳೆಯ ಹಿರಿಮೆ ಅಡಗಿದೆ.

ಮಾತುಗಳು ಇಷ್ಟನ್ನು ಹೇಳಿದ ಮೇಲೆ ಕಲ್ಲುಗಳ ಕಡೆಗೆ ತಿರುಗೋಣ.

ಶಿರಾಳಕೊಪ್ಪಕ್ಕೆ ಸಮೀಪದ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ಒಂದು ಕಂಬ ನಿಂತಿದೆ. ಐದನೆಯ ಶತಮಾನದ್ದು. ಕದಂಬ ವಂಶದ ಮೂಲವನ್ನು ನಾವು ಬಲ್ಲೆವಾದರೆ ಅದು ಬಹುಮಟ್ಟಿಗೆ ಈ ಕಂಬದ ದೆಸೆಯಿಂದ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದುದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾದುದು, ದರ್ಭೆ ಹಿಡಿದ ಕೈ ಕತ್ತಿಯನ್ನು ಹಿಡಿದುದು, ಇವೆಲ್ಲವೂ ಆ ಸಂಸ್ಕೃತ ಕಾವ್ಯದಲ್ಲಿ ಬಂದಿವೆ. ನಮಗೆ ಈ ದಿನ ಬೇಕಾದುದು ಅದರ ಕೊನೆಯ ಭಾಗ. ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿ ತನ್ನ ಈ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಅಲ್ಲಿ ಹೇಳಿದೆ. ಶಾಸನಗಳಲ್ಲಿ ಸಾಮಾನ್ಯವಾಗಿ ರಚಿಸಿದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ. ಕುಬ್ಜನಾದರೋ ತನ್ನ ಪದ್ಯವನ್ನು ಬೇರೊಬ್ಬನ ಕೈಗೆ ಪೂರ್ತಿಯಾಗಿ ಬಿಡಲಿಲ್ಲ. ಕಲ್ಲಿನ ಮುಂದೆ ತಾನೇ ನಿಂತನು. ಸೊಗಸಾದ ಛಂದಸ್ಸನ್ನು ಬಲ್ಲ ಪಂಡಿತನಿಗೆ ಕಲ್ಲಿನ ಧೂಳು ಅವಮಾನವೆಂದು ತೋರಲಿಲ್ಲ. ಅರಸನ ಅಪ್ಪಣೆಯಾದುದರಿಂದ ಇದು ಉದ್ಯೋಗ, ತನ್ನ ಕಾವ್ಯವಾದುದರಿಂದ ಒಲವು, ಕಲ್ಲಾದುದರಿಂದ ಶ್ರಮ. ಈ ಮೂರನ್ನೂ ಬಿಡಿಸಿ ನೋಡುವ ಬಗೆ ಹೇಗೆ?

ಅಲ್ಲಿಂದ ಬಳ್ಳಿಗಾವೆಗೆ ಬಂದರೆ ಕಾಲ ಏಳು ಶತಮಾನ ಮುಂದೆ ಸರಿಯುತ್ತದೆ. ಕೋಡಿಯ ಮಠವೆಂಬ ಕಾಳಾಮುಖ ಶೈವರ ಸಂಸ್ಥೆ ಕೇದಾರೇಶ್ವರನ ಗುಡಿಗೆ ಸೇರಿಕೊಂಡು ಇತ್ತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಆ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದಗಳನ್ನು ಅಂಗಸಹಿತವಾಗಿ ಅಲ್ಲಿ ಓದುತ್ತಿದ್ದರು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನಗಳು ಹುಟ್ಟುತ್ತಿದ್ದುವು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೇ ಅಲ್ಲದೆ ಬೌದ್ಧದರ್ಶನವೂ ವಿಚಾರದ ವಿಷಯವಾಗಿತ್ತು. ಶೈವಮಠದಲ್ಲಿ ಬೌದ್ಧದರ್ಶನಕ್ಕೆ ಎಡೆಯಿದ್ದುದನ್ನು ನಮ್ಮ ಕಾಲದವರು ಗಮನಿಸಬೇಕು.

ಅದೇ ಶಾಸನ ಅನ್ನಸತ್ರದ ಮಾತನ್ನೂ ಹೇಳುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಉಣ್ಣುತ್ತಿದ್ದರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಆಡುವವರು, ಕುಣಿಯುವವರು ಇವರಿಗೂ ಅಲ್ಲಿ ಊಟವಿತ್ತು. ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು. ಈ ಪಟ್ಟಿಯನ್ನು ಓದುವಾಗ ನಮಗೆ ಎರಡು ಭಾವಗಳು ಉಂಟಾಗುತ್ತವೆ. ಒಂದು ಗೌರವ: ಪಾಣಿನಿಯನ್ನು ಓದುವ ಮನೆ ಡೊಂಬನನ್ನೂ ಕಥೆಗಾರನನ್ನೂ ಹೊರಗಿಡಲಿಲ್ಲ. ಇನ್ನೊಂದು ಸಂಕೋಚ: ಹಾಡಿ ಕುಣಿದು ಬದುಕುವವನು ಆಗಲೂ ದೀನ ಅನಾಥರ ಸಾಲಿನಲ್ಲಿಯೇ ತಟ್ಟೆ ಹಿಡಿದು ನಿಲ್ಲಬೇಕಾಗಿತ್ತು. ವ್ಯಾಕರಣದ ವ್ಯಾಸಂಗಕ್ಕೆ ದತ್ತಿ, ಕಲೆಯ ದುಡಿಮೆಗೆ ಅನ್ನದಾನ. ಹಿಂದಿನ ಕಾಲವನ್ನು ಹೊಗಳುವ ಭರದಲ್ಲಿ ಈ ಸೂಕ್ಷ್ಮವನ್ನು ನಾವು ಮರೆಯಬಾರದು.

ಕೈಯಿಂದ ದುಡಿದವರೆಲ್ಲರೂ ಹೆಸರಿಲ್ಲದೆ ಹೋದರೆಂದಲ್ಲ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದನು. ಆ ದೇವಾಲಯದ ಶಿಲ್ಪಗಳ ಕೆಳಗೆ ಕಾಣುವ ಹೆಸರುಗಳಲ್ಲಿ ಬಳ್ಳಿಗ್ರಾಮದ ದಾಸೋಜನದೊಂದು, ಅವನ ಮಗ ಚಾವಣನದೊಂದು. ತಂದೆಮಕ್ಕಳು ಹೆಸರನ್ನು ಮಾತ್ರವೇ ಕೆತ್ತಿಕೊಂಡವರಲ್ಲ, ಊರನ್ನೂ ಕೆತ್ತಿದರು. ಅಂದಿನ ಶಿಲ್ಪಿಗಳು ಬಿರುದುಗಳನ್ನು ಹಾಕಿಕೊಂಡು ಪ್ರತಿಸ್ಪರ್ಧಿಗಳನ್ನು ಕೆಣಕುತ್ತಲೂ ಇದ್ದರು. ಕೂಲಿಗಾಗಿ ಮಾತ್ರ ಕಲ್ಲು ಕಡೆದವನಿಗೆ ಈ ಅಭಿಮಾನ ಎಲ್ಲಿಂದ ಬರಬೇಕು? ಅವರ ವೃತ್ತಿಯ ಹೆಸರು ‘ರೂವಾರಿ’. ರೂಪಕಾರಿ ಎಂಬುದು ಸವೆದು ರೂವಾರಿಯಾದುದು. ರೂಪವನ್ನು ಮಾಡುವವನು ಎಂದರ್ಥ. ಈಗ ವೃತ್ತಪತ್ರಿಕೆಗಳಲ್ಲಿ ಯಾವುದಾದರೊಂದು ಯೋಜನೆಯ ಹಿಂದಿನ ಮಿದುಳನ್ನು ‘ರೂವಾರಿ’ ಎನ್ನುತ್ತಾರೆ. ಉಳಿ ಹಿಡಿದವನ ಹೆಸರು, ಉಳಿಯನ್ನು ಎಂದೂ ಮುಟ್ಟದವನ ಪಾಲಾಯಿತು! ಕೈಯ ಕೆಲಸದ ಮಾತು ಇಷ್ಟು ಎತ್ತರಕ್ಕೆ ಏರಿದ ನಿದರ್ಶನ ಕನ್ನಡದಲ್ಲಿ ಅಪೂರ್ವ. ಆದರೆ ಕೈ ಮಾತ್ರ ಅದರೊಡನೆ ಮೇಲೇರಲಿಲ್ಲ.

ಮಾತಿನೊಡನೆ ಕೈಯನ್ನೂ ಮೇಲೆತ್ತಲು ಹೊರಟವರು ಹನ್ನೆರಡನೆಯ ಶತಮಾನದ ಶರಣರು. ‘ಕಾಯ’ದಿಂದಾದುದು ‘ಕಾಯಕ’. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ: ಇವರ ಹೆಸರಿನಲ್ಲಿ ಕಸುಬು ಮೊದಲು, ಹುಟ್ಟುಹೆಸರು ಆಮೇಲೆ. ಕಾಯಕವನ್ನು ಕೈಲಾಸದ ಸಮಕ್ಕೆ ಎತ್ತಿದ ಮಾತು ಆಯ್ದಕ್ಕಿ ಮಾರಯ್ಯನದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆತನ ಕಾಯಕ. ಒಂದು ದಿನ ಆತನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಡದಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳು. ಹವ್ಯಾಸವೆಂಬ ಮಾತಿಗೆ ಮರಾಠಿಯಲ್ಲಿ ಅತಿಯಾಸೆಯೆಂಬ ಅರ್ಥವಿರುವುದನ್ನು ಈಗತಾನೇ ಕಂಡೆವಷ್ಟೆ. ದುಡಿಮೆಯಲ್ಲಿಯೂ ಅತಿಯಾಸೆಯುಂಟು, ಅದಕ್ಕೂ ಒಂದು ಮೇರೆ ಬೇಕು ಎಂಬುದನ್ನು ಕಂಡವಳು ಲಕ್ಕಮ್ಮ.

ಶರಣರಲ್ಲಿ ಹಿರಿಯನಾದ ಅಲ್ಲಮಪ್ರಭು ಬಳ್ಳಿಗಾವೆಯವನು. ಹರಿಹರ ಕವಿ ಹೇಳುವಂತೆ ಆತನು ಮದ್ದಳೆಯನ್ನು ಬಾಜಿಸುವುದರಲ್ಲಿ ನಿಪುಣ. ಮಠದ ಅನ್ನಸತ್ರದ ಸಾಲಿನಲ್ಲಿ ನಿಲ್ಲುತ್ತಿದ್ದಂಥ ವಾದ್ಯಗಾರರ ನಡುವಿನಿಂದಲೇ ಶೂನ್ಯಪೀಠದ ಒಡೆಯನು ಎದ್ದುಬಂದನು. ಕಲ್ಯಾಣಕ್ಕೆ ಹೊರಟ ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರದ ಸೀಮೆಯಲ್ಲಿದೆ.

ಹಳೆಯದನ್ನು ಬಿಟ್ಟು ಸಮೀಪದ ಕಾಲಕ್ಕೆ ಬರೋಣ. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅದೇ ಮನೆತನಗಳು ಬೆಂಡಿನಿಂದ ಮದುವೆಯ ಬಾಸಿಂಗವನ್ನೂ ಮಾಡುತ್ತವೆ. ಗಂಧದ ಪೆಟ್ಟಿಗೆ ಅರಮನೆಯ ಕಪಾಟಿನಲ್ಲಿ ತಲೆಮಾರುಗಳವರೆಗೆ ಬಾಳುತ್ತದೆ. ಬಾಸಿಂಗ ಮದುವೆಯ ಚಪ್ಪರ ಇಳಿದೊಡನೆ ಮುಗಿಯುತ್ತದೆ. ಎರಡಕ್ಕೂ ಹಿಡಿದ ಉಳಿ ಕತ್ತಿಗಳ ಶ್ರದ್ಧೆಯಲ್ಲಿ ಭೇದವಿಲ್ಲ. ಸಂಗ್ರಹ ಮಾಡುವ ಪಟ್ಟಣಿಗನದು ‘ಕಲಾಭಿರುಚಿ’, ಕೆತ್ತಿದವನದು ‘ಕುಲಕಸುಬು’ ಎಂದು ನಾವು ಹೇಳುತ್ತೇವೆ. ಅಭಿರುಚಿಯಿಲ್ಲದೆ ಆ ಕಸುಬು ಒಂದು ದಿನವೂ ನಡೆಯಲಾರದೆಂಬುದು ನಮಗೆ ಹೊಳೆಯುವುದಿಲ್ಲ.

ಗೇಯ್ಮೆಯ ಮಾತಾದರೋ ಇನ್ನೂ ಕಠಿನ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಜಗಳದ ಮೊದಲು. ತಮ್ಮನ್ನು ಹೊರಗಟ್ಟಿದ್ದ ಗದ್ದೆಗೆ ನೇಗಿಲು ಹೊತ್ತು ಇಳಿದು ಉಳುವುದೇ ಅವರ ಸತ್ಯಾಗ್ರಹದ ಬಗೆ. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ಭೂಸುಧಾರಣೆಯ ಕಾನೂನು ತಿದ್ದುಪಡಿಯಾಗಿ ಉಳುವವನಿಗೆ ಹೊಲದ ಹಕ್ಕು ದೊರೆತುದು 1974ರಲ್ಲಿ. ಅವರು ಕೇಳಿದುದು ಗೇಯ್ಮೆಯಿಂದ ಬಿಡುಗಡೆಯನ್ನಲ್ಲ, ಗೇಯುವ ಹಕ್ಕನ್ನು ಎಂಬುದನ್ನು ನೆನೆಯಬೇಕು. ಬರಿಯ ಹೊಟ್ಟೆಪಾಡೆಂದು ನಾವು ತಿಳಿದ ದುಡಿಮೆಯಲ್ಲಿ ಅಷ್ಟು ಗಾಢವಾದ ಅಂಟು, ಹಳೆಯ ಅರ್ಥದ ವ್ಯಾಸಂಗವೇ, ಇತ್ತು.

ವಿದ್ವತ್ತಿನ ಲೋಕದಲ್ಲಿ ಏನಾಯಿತು? ಬಳ್ಳಿಗಾವೆ ತಾಳಗುಂದಗಳ ಶಾಸನಗಳು ಅಚ್ಚಾಗಿ ಬಂದುದು 1902ರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ. ಸೊರಬದವು 1904ರ ಎಂಟನೆಯ ಸಂಪುಟದಲ್ಲಿ. ಸಂಪಾದಕರಾದ ಬಿ. ಎಲ್. ರೈಸರು ಮೊದಲಿಗೆ ವಿದ್ಯಾ ಇಲಾಖೆಯ ಅಧಿಕಾರಿಗಳು. ಶಾಸನಗಳ ಮೇಲಣ ಆಸಕ್ತಿಯೇ ಬೆಳೆದು ಅವರ ಜೀವಮಾನದ ಉದ್ಯೋಗವಾಯಿತು. ಕಿಟ್ಟೆಲರು ಧರ್ಮಪ್ರಚಾರಕ್ಕೆಂದು ಬಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿಗೆ ಬಾಳಿನ ಬಹುಭಾಗವನ್ನು ತೆತ್ತರು. ಇವರದು ಹವ್ಯಾಸವೆ, ಪರಿಶ್ರಮವೆ? ಪ್ರಶ್ನೆಯೇ ಅರ್ಥಹೀನವಾಗುತ್ತದೆ. ಆದರೆ ಒಂದು ಋಣವನ್ನು ಇಲ್ಲಿ ಹೇಳಲೇಬೇಕು. ಇಂಥ ಗ್ರಂಥಗಳ ಬೆನ್ನಿಗೆ ಊರೂರು ಅಲೆದು ಪ್ರತಿ ಎತ್ತಿದ ಪಂಡಿತರು, ಗುಮಾಸ್ತೆಯರು, ಕಲ್ಲು ತೊಳೆದು ನಿಲ್ಲಿಸಿದ ಆಳುಗಳು ಇದ್ದರು. ಅವರ ಒಲವಿಗೆ ಮುಖಪುಟವಿಲ್ಲ.

ಕಡೆಯದಾಗಿ ಎರಡು ನಿದರ್ಶನಗಳು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿ 30 ವಾಟ್ ಬಲದ ಪ್ರೇಷಕಯಂತ್ರವನ್ನಿಟ್ಟು ಬಾನುಲಿಯ ಪ್ರಸಾರವನ್ನು ಆರಂಭಿಸಿದರು. ಅದು ಸರಕಾರದ ಕೆಲಸವಲ್ಲ, ಜೀವನೋಪಾಯವಲ್ಲ. ಹಾಡುವವರನ್ನು ಹುಡುಕಿ ಕರೆತರಬೇಕು, ಯಂತ್ರ ಕೆಟ್ಟರೆ ಸರಿಮಾಡಬೇಕು, ಖರ್ಚನ್ನೂ ತೂಗಿಸಬೇಕು. ಸಂಸ್ಥಾನದ ಸರಕಾರ ಅದನ್ನು ವಹಿಸಿಕೊಂಡುದು 1942ರಲ್ಲಿ. ‘ಆಕಾಶವಾಣಿ’ಯೆಂಬ ಅದರ ಹೆಸರು 1950ರ ದಶಕದಲ್ಲಿ ಇಡೀ ದೇಶದ ಬಾನುಲಿಗೇ ಹೆಸರಾಯಿತು. ಇನ್ನೊಂದು, ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹಳ್ಳಿಯವರು ಕಟ್ಟಿದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಅದರ ಹೆಸರಿನಲ್ಲಿ ವಿಲಾಸವೂ ಇಲ್ಲ, ವೃತ್ತಿಯೂ ಇಲ್ಲ; ‘ಸೇವೆ’ಯೆಂಬ ಮೂರನೆಯ ಮಾತಿದೆ. ಒಲಿದು ಮಾಡುವ ದುಡಿಮೆಗೆ ನಮ್ಮವರು ಹಿಂದಿನಿಂದ ಇಟ್ಟುಕೊಂಡ ಹೆಸರು ಅದೇ ಅಲ್ಲವೆ? ಅಡಕೆ ತೋಟದ ನಡುವಣ ಆ ಸಂಘವನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಇದರಿಂದ ನಾವು ತೆಗೆಯುವ ತೀರ್ಮಾನ ದೊಡ್ಡದೇನೂ ಅಲ್ಲ. ಹವ್ಯಾಸವೂ ಪರಿಶ್ರಮವೂ ಎರಡು ಬಗೆಯ ಕೆಲಸಗಳಿಗೆ ಇಟ್ಟ ಹೆಸರುಗಳಲ್ಲ. ಒಳ್ಳೆಯ ಕೆಲಸವೊಂದರ ಎರಡು ಮುಖಗಳು. ಪರಿಶ್ರಮವನ್ನು ಬಿಟ್ಟ ಹವ್ಯಾಸ ಶೋಕಿಯಾಗುತ್ತದೆ. ಒಲವನ್ನು ಕಳೆದುಕೊಂಡ ದುಡಿಮೆ ಬಿಟ್ಟಿಯಾಗುತ್ತದೆ. ಈ ಎರಡು ಮುಖಗಳನ್ನು ಬೇರೆ ಬೇರೆ ಜನಗಳಿಗೆ ಹಂಚಿಕೊಟ್ಟು, ಒಲವನ್ನು ವಿದ್ಯಾವಂತರು ಇಟ್ಟುಕೊಂಡು, ಶ್ರಮವನ್ನು ಉಳಿದವರಿಗೆ ಬಿಟ್ಟುಕೊಟ್ಟುದು ಮಾತಿನ ತಪ್ಪಲ್ಲ, ನಮ್ಮ ತಪ್ಪು.

ಬಳ್ಳಿಗಾವೆಯ ಆ ವೃದ್ಧರ ಮಾತನ್ನು ಪೂರ್ತಿಯಾಗಿ ಹೇಳಿಲ್ಲ. ‘ಹಂಗಾರೆ ಕೆಲ್ಸ ಅಲ್ಲ ಅನ್ನಿ’ ಎಂದು ತೀರ್ಪುಕೊಟ್ಟ ಅವರು ಮನೆಗೆ ಹೋಗಲಿಲ್ಲ. ಕಲ್ಲಿನ ಬುಡದ ಎರಡು ಸಾಲುಗಳು ಮಣ್ಣಿನಲ್ಲಿ ಹೂತು ನಮಗೆ ಸಿಕ್ಕದಿರುವುದನ್ನು ಕಂಡು, ಸನಿಕೆ ತಂದು, ಅಕ್ಷರಕ್ಕೆ ಪೆಟ್ಟಾಗದಂತೆ ಸುತ್ತಲೂ ಮೆಲ್ಲಗೆ ಅಗೆದರು. ಬಿಂದಿಗೆಯಲ್ಲಿ ನೀರು ಹೊತ್ತು ತಂದು ಕಲ್ಲನ್ನು ತೊಳೆದರು. ತಮ್ಮ ಹೆಗಲ ವಸ್ತ್ರದಿಂದಲೇ ಒರೆಸಿದರು. ಮಧ್ಯಾಹ್ನ ಇಳಿಯಿತು. ಏನಾದರೂ ಕೊಡಲು ಹೋದರೆ ಕೈಯಾಡಿಸಿಬಿಟ್ಟರು: “ನಮ್ಮ ಹೊಲದ ಕಲ್ಲು ಸ್ವಾಮಿ, ಅದ್ರಲ್ಲಿ ಏನೈತೆ ಅಂತ ನಮಗೂ ತಿಳೀಬೇಕು.” ಅವರ ಆ ಮಧ್ಯಾಹ್ನಕ್ಕೆ ಹವ್ಯಾಸವೆನ್ನಬೇಕೋ ಗೇಯ್ಮೆಯೆನ್ನಬೇಕೋ ನಾವು ಅರಿಯೆವು. ನಮ್ಮ ಪಡಿಯಚ್ಚಿನಲ್ಲಿ ಅತ್ಯಂತ ಸ್ಪಷ್ಟವಾಗಿ ಮೂಡಿದುದು ಮಾತ್ರ ಆ ಕೆಳಗಿನ ಎರಡು ಸಾಲುಗಳೇ.